ಮೂರು ತಿಂಗಳ ಪ್ರತಿಜ್ಞೆ, ನಲವತ್ತೊಂದು ವರ್ಷಗಳ ನಿಷ್ಠೆ: ಪೂಜ್ಯ ಮ್ಯಾಟ್ ಟಾಲ್ಬೊಟ್

ಮದ್ಯಪಾನದ ವಿಷಯ ಬಂದಾಗಲೆಲ್ಲ ನಮ್ಮಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಯೇಸುಸ್ವಾಮಿಯೇ ಕಾನಾ ಊರಿನ ಮದುವೆಯಲ್ಲಿ ನೀರನ್ನು ದ್ರಾಕ್ಷಾರಸವಾಗಿ ಮಾರ್ಪಡಿಸಿದರಲ್ಲವೇ, ಮಿತವಾಗಿ ಕುಡಿದರೆ ತಪ್ಪೇನು ಎನ್ನುವವರು ಕೆಲವರು. ಕುಡಿತದಿಂದ ಮನೆಮಠ ಹಾಳಾದುದನ್ನು ಕಣ್ಣಾರೆ ಕಂಡು, ಕ್ರೈಸ್ತನಾದವನು ಒಂದು ತೊಟ್ಟನ್ನೂ ಮುಟ್ಟಬಾರದು ಎನ್ನುವವರು ಇನ್ನು ಕೆಲವರು. ಈ ಇಬ್ಬರೂ ತಿಳಿದುಕೊಳ್ಳಬೇಕಾದ ಒಂದು ಬದುಕು ಐರ್ಲೆಂಡ್ ದೇಶದ ಡಬ್ಲಿನ್ ನಗರದಲ್ಲಿ ಆಗಿಹೋಗಿದೆ. ಆತ ಧರ್ಮಗುರುವಲ್ಲ, ಪಂಡಿತನಲ್ಲ, ಧರ್ಮಸಭೆಯಲ್ಲಿ ಯಾವ ಅಧಿಕಾರದಲ್ಲೂ ಇದ್ದವನಲ್ಲ. ಮರದ ಡಿಪೋದಲ್ಲಿ ಹಲಗೆ ಹೊರುತ್ತಿದ್ದ ಒಬ್ಬ ಕೂಲಿಕಾರ. ಹದಿನಾರು ವರ್ಷ ಮದ್ಯದ ದಾಸನಾಗಿದ್ದು, ಮುಂದೆ ನಲವತ್ತೊಂದು ವರ್ಷ ಅದನ್ನು ಮುಟ್ಟದೆ ಬಾಳಿದವರು. ಅವರೇ ಪೂಜ್ಯ ಮ್ಯಾಟ್ ಟಾಲ್ಬೊಟ್.

ಬಡವರ ಕೇರಿಯಲ್ಲಿ ಜನನ

ಮ್ಯಾಥ್ಯೂ ಟಾಲ್ಬೊಟ್ ಹುಟ್ಟಿದ್ದು 1856ರ ಮೇ 2ರಂದು, ಡಬ್ಲಿನ್ ನಗರದ ಉತ್ತರ ಭಾಗದಲ್ಲಿರುವ ಆಲ್ಡ್‌ಬರೋ ಕೋರ್ಟ್ ಎಂಬ ಬಡಜನರ ಕೇರಿಯಲ್ಲಿ. ತಂದೆ ಚಾರ್ಲ್ಸ್, ತಾಯಿ ಎಲಿಜಬೆತ್. ಹನ್ನೆರಡು ಮಕ್ಕಳಲ್ಲಿ ಮ್ಯಾಟ್ ಎರಡನೆಯವನು. ತಂದೆ ಬಂದರಿನಲ್ಲಿ ಕೆಲಸಕ್ಕಿದ್ದ. ದುಡಿಯುವವನೇ ಆದರೂ ಕುಡಿಯುವವನೂ ಹೌದು. ಬಂದ ಸಂಬಳದಲ್ಲಿ ಒಂದು ಪಾಲು ಮದ್ಯದಂಗಡಿಗೆ ಹೋದರೆ ಉಳಿದುದರಲ್ಲಿ ಇಷ್ಟು ದೊಡ್ಡ ಸಂಸಾರ ಸಾಗಬೇಕು. ಬಾಡಿಗೆ ಕೋಣೆಯಿಂದ ಬಾಡಿಗೆ ಕೋಣೆಗೆ ಸಾಮಾನು ಹೊತ್ತುಕೊಂಡು ಅಲೆಯುವುದು ಆ ಕುಟುಂಬಕ್ಕೆ ರೂಢಿಯಾಗಿತ್ತು. ತಾಯಿ ಎಲಿಜಬೆತ್ ಮನೆಕೆಲಸಗಳಿಗೆ ಹೋಗಿ ನಾಲ್ಕು ಕಾಸು ಸಂಪಾದಿಸಿ, ಜಪಸರ ಹಿಡಿದು ಮಕ್ಕಳಿಗಾಗಿ ಪ್ರಾರ್ಥಿಸುತ್ತಾ ಮನೆಯನ್ನು ಹೇಗೋ ಹಿಡಿದು ನಿಲ್ಲಿಸಿದಾಕೆ.

ಆ ಕಾಲದ ಡಬ್ಲಿನ್ ನಗರದ ಬಡವನಿಗೆ ಮನೆಯೆಂದರೆ ಕತ್ತಲೆಯ ಒಂದು ಕೋಣೆ. ಬೆಳಕು, ಬಿಸಿ, ಗೆಳೆತನ ಸಿಗುತ್ತಿದ್ದುದು ಮದ್ಯದಂಗಡಿಯಲ್ಲಿ. ಬಂದರಿನ ಕೂಲಿಕಾರರಿಗೆ ಎಷ್ಟೋ ಕಡೆ ವಾರದ ಬಟವಾಡೆ ಆಗುತ್ತಿದ್ದುದೂ ಅಲ್ಲಿಯೇ.

ಇದರ ವಿರುದ್ಧ ಧರ್ಮಸಭೆ ಸುಮ್ಮನಿರಲಿಲ್ಲ. ಕಾರ್ಕ್ ನಗರದ ಕಪುಚಿನ್ ಗುರು ಫಾದರ್ ಥಿಯೋಬಾಲ್ಡ್ ಮ್ಯಾಥ್ಯೂ 1838ರಲ್ಲಿ ಪೂರ್ಣ ಮದ್ಯತ್ಯಾಗದ ಆಂದೋಲನವನ್ನು ಆರಂಭಿಸಿದ್ದರು. ಅವರು ಹೋದಲ್ಲೆಲ್ಲ ಜನ ಸಾಗರವಾಗಿ ಸೇರಿ, ಮದ್ಯ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡುತ್ತಿದ್ದರು. ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಮಂದಿ ಆ ಪ್ರತಿಜ್ಞೆ ಸ್ವೀಕರಿಸಿದರು. ಆದರೆ 1845ರಿಂದ ಐರ್ಲೆಂಡನ್ನು ಕಾಡಿದ ಭೀಕರ ಕ್ಷಾಮ, ಗುಳೆ, ಸಾವುನೋವುಗಳಲ್ಲಿ ಆ ಆಂದೋಲನ ಸೊರಗಿತು. ಫಾದರ್ ಮ್ಯಾಥ್ಯೂ ತೀರಿಕೊಂಡದ್ದು 1856ರ ಡಿಸೆಂಬರಿನಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಮ್ಯಾಟ್ ಹುಟ್ಟಿದ್ದ.

ಹನ್ನೆರಡರ ಹರೆಯದಲ್ಲೇ ಕುಡಿತ

ಮ್ಯಾಟ್ ಶಾಲೆ ಕಂಡದ್ದು ಕಡಿಮೆ. ಕ್ರಿಶ್ಚಿಯನ್ ಬ್ರದರ್ಸ್ ಸಭೆಯವರ ಶಾಲೆಗೆ ಸೇರಿಸಿದರೂ ಹೋದ ದಿನಗಳಿಗಿಂತ ತಪ್ಪಿಸಿಕೊಂಡ ದಿನಗಳೇ ಹೆಚ್ಚು. ಅಕ್ಷರ ನೆಟ್ಟಗೆ ಕೂಡಿಸಿ ಓದಲು ಬರುವ ಮೊದಲೇ, ಸುಮಾರು ಹನ್ನೆರಡನೆಯ ವಯಸ್ಸಿಗೆ, ಮದ್ಯವನ್ನು ಬಾಟಲಿಗೆ ತುಂಬಿಸಿ ಮಾರುವ ವ್ಯಾಪಾರಿಯೊಬ್ಬರ ಬಳಿ ಹುಡುಗನನ್ನು ಕೆಲಸಕ್ಕೆ ಹಚ್ಚಿದರು. ಹಿಂದಿರುಗಿ ಬಂದ ಬಾಟಲಿಗಳ ತಳದಲ್ಲಿ ಉಳಿದುದನ್ನು ಅಲ್ಲಿಯ ಹುಡುಗರು ಕುಡಿಯುತ್ತಿದ್ದರು. ಮ್ಯಾಟ್ ಕೂಡ ಕುಡಿದ. ಸ್ವಲ್ಪ ಕಾಲದಲ್ಲೇ ಅಮಲೇರಿಸಿಕೊಂಡು ಮನೆಗೆ ಬರತೊಡಗಿದ.

ತಂದೆ ಚೆನ್ನಾಗಿ ಬಾರಿಸಿದ. ಮಗ ತನ್ನ ಕಣ್ಣೆದುರಿಗಿದ್ದರೆ ಸರಿಹೋದಾನು ಎಂದು, ತಾನು ದುಡಿಯುತ್ತಿದ್ದ ಬಂದರಿನ ಸುಂಕದ ಉಗ್ರಾಣದಲ್ಲೇ ಕೆಲಸ ಕೊಡಿಸಿದ. ಆ ಉಗ್ರಾಣದಲ್ಲಿ ಇಡುತ್ತಿದ್ದ ಸರಕು ವಿಸ್ಕಿ! ಅಲ್ಲಿಯವರೆಗೆ ಬಿಯರ್ ಕುಡಿಯುತ್ತಿದ್ದ ಹುಡುಗ ವಿಸ್ಕಿಗೆ ಇಳಿದ. ತಂದೆಯ ಉದ್ದೇಶ ಒಳ್ಳೆಯದಿತ್ತು. ಆದರೆ ತಾನೇ ಕುಡಿಯುವ ತಂದೆ ಮಗನನ್ನು ಕುಡಿತದಿಂದ ಬಿಡಿಸುವುದು ಹೇಗೆ? ಆ ಮನೆಯ ಗಂಡುಮಕ್ಕಳಲ್ಲಿ ಹಿರಿಯವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಮದ್ಯದ ದಾರಿಯನ್ನೇ ಹಿಡಿದರು.

ಮುಂದೆ ಮ್ಯಾಟ್ ಗಾರೆ ಕೆಲಸದವರ ಕೈಕೆಳಗೆ ಇಟ್ಟಿಗೆ, ಗಾರೆ ಹೊರುವ ಕೂಲಿಯಾದ. ಕೆಲಸದಲ್ಲಿ ಬಲು ಚುರುಕು. ಎಷ್ಟೇ ಕುಡಿದರೂ ಬೆಳಿಗ್ಗೆ ಕೆಲಸಕ್ಕೆ ತಪ್ಪುತ್ತಿರಲಿಲ್ಲ. ಸೋಮಾರಿತನ ಅವನ ದೋಷವಾಗಿರಲಿಲ್ಲ, ಕೈಯಲ್ಲಿ ಕಾಸು ನಿಲ್ಲುತ್ತಿರಲಿಲ್ಲ ಅಷ್ಟೆ. ವಾರದ ಸಂಬಳ ಸಿಕ್ಕ ದಿನ ಗೆಳೆಯರಿಗೂ ಧಾರಾಳವಾಗಿ ಕುಡಿಸುತ್ತಿದ್ದ. ತಾಯಿಯ ಕೈಗೆ ಸಿಗುತ್ತಿದ್ದುದು ಅತ್ಯಲ್ಪ. ಹಣ ಮುಗಿದರೆ ಸಾಲ, ಸಾಲ ಹುಟ್ಟದಿದ್ದರೆ ಒತ್ತೆ. ಒಮ್ಮೆ ಕಾಲಿನ ಬೂಟುಗಳನ್ನೇ ಕೊಟ್ಟು ಕುಡಿದು ಬರಿಗಾಲಲ್ಲಿ ಮನೆಗೆ ಬಂದದ್ದೂ ಉಂಟು.

ಇವೆಲ್ಲಕ್ಕಿಂತ ಕೆಟ್ಟದ್ದು ಪಿಟೀಲಿನ ಪ್ರಸಂಗ. ಬೀದಿಯಲ್ಲಿ ಪಿಟೀಲು ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಬಡವನೊಬ್ಬ ಇವರ ಗುಂಪಿನ ಜೊತೆ ಸೇರಿದ್ದ. ಮ್ಯಾಟ್ ಮತ್ತು ಗೆಳೆಯರು ಆತನ ಪಿಟೀಲನ್ನು ಕದ್ದು ಮಾರಿ, ಆ ಹಣದಲ್ಲಿ ಕುಡಿದರು. ಒಬ್ಬ ಬಡವನ ಅನ್ನದ ದಾರಿಯೇ ಒಂದು ಸಂಜೆಯ ಕುಡಿತಕ್ಕೆ ಹೋಯಿತು. ಈ ಪಾಪದ ನೆನಪು ಮ್ಯಾಟ್‌ನನ್ನು ಜೀವನದ ಕೊನೆಯವರೆಗೂ ಕಾಡಿತು.

ಗಮನಿಸಬೇಕಾದ ಸಂಗತಿಯೆಂದರೆ, ಆ ದಿನಗಳಲ್ಲೂ ಭಾನುವಾರದ ಬಲಿಪೂಜೆಯನ್ನು ಮ್ಯಾಟ್ ಬಿಟ್ಟಿರಲಿಲ್ಲ. ಆದರೆ ಪರಮಪ್ರಸಾದ ಸ್ವೀಕರಿಸುವುದನ್ನು ಎಂದೋ ಬಿಟ್ಟಿದ್ದ. ದೇವಾಲಯಕ್ಕೆ ಹೋಗುತ್ತಿದ್ದ, ದೇವರಿಂದ ದೂರ ಉಳಿಯುತ್ತಿದ್ದ.

ಯಾರೂ ಕರೆಯದ ಶನಿವಾರ

1884ರ ಒಂದು ಶನಿವಾರ. ಮ್ಯಾಟ್‌ಗೆ ಆಗ 28 ವರ್ಷ. ಆ ವಾರವಿಡೀ ಕೆಲಸವಿಲ್ಲ, ಕೈಯಲ್ಲಿ ಬಿಡಿಕಾಸಿಲ್ಲ. ತಮ್ಮ ಫಿಲಿಪ್‌ನನ್ನು ಕರೆದುಕೊಂಡು ಮದ್ಯದಂಗಡಿಯ ಹತ್ತಿರದ ರಸ್ತೆಯ ಮೂಲೆಯಲ್ಲಿ ನಿಂತ. ಮಧ್ಯಾಹ್ನ ಸಂಬಳ ತೆಗೆದುಕೊಂಡು ಗೆಳೆಯರು ಆ ದಾರಿಯಲ್ಲೇ ಬರುತ್ತಾರೆ. ಎಷ್ಟೋ ಶನಿವಾರ ತಾನು ಅವರಿಗೆ ಕುಡಿಸಿದ್ದೇನೆ, ಇಂದು ಅವರಲ್ಲಿ ಒಬ್ಬನಾದರೂ ಒಳಗೆ ಕರೆದಾನು ಎಂಬ ನಿರೀಕ್ಷೆ.

ಗೆಳೆಯರು ಬಂದರು. ಮಾತನಾಡಿಸಿದರು. ಒಳಗೆ ಹೋದರು. ಒಬ್ಬನೂ ಕರೆಯಲಿಲ್ಲ.

ಆ ಕ್ಷಣ ಮ್ಯಾಟ್‌ನ ಹೃದಯಕ್ಕೆ ನಾಟಿತು. ಬಾಯಾರಿಕೆಗಿಂತ ಹೆಚ್ಚಾಗಿ ಅವಮಾನ ಸುಟ್ಟಿತು. ಹದಿನಾರು ವರ್ಷ ತಾನು ಏನನ್ನು ಗೆಳೆತನವೆಂದುಕೊಂಡಿದ್ದೆನೋ ಅದು ಲೋಟದಲ್ಲಿ ಮದ್ಯ ಇರುವವರೆಗಿನ ಗೆಳೆತನ ಎಂದು ಅರಿವಾಯಿತು. ಮನೆಯ ಕಡೆ ಹೆಜ್ಜೆ ಹಾಕಿದ. ಶನಿವಾರ ಇಷ್ಟು ಬೇಗ, ಅದೂ ಕುಡಿಯದೆ ಬಂದ ಮಗನನ್ನು ಕಂಡು ಅಡಿಗೆ ಮಾಡುತ್ತಿದ್ದ ತಾಯಿಗೆ ಅಚ್ಚರಿ. ಊಟ ಮುಗಿಸಿ, ಮದ್ಯ ಬಿಡುವ ಪ್ರತಿಜ್ಞೆ ಮಾಡಲು ಹೋಗುತ್ತೇನೆಂದು ಮಗ ತಿಳಿಸಿದ. ಇಂಥ ಮಾತಿಗಾಗಿ ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದ್ದ ತಾಯಿ ಕುಣಿದಾಡಲಿಲ್ಲ. ಉಳಿಸಿಕೊಳ್ಳುವ ಮನಸ್ಸಿದ್ದರೆ ಮಾತ್ರ ಹೋಗು, ಇಲ್ಲದಿದ್ದರೆ ದೇವರ ಹೆಸರಿನಲ್ಲಿ ಮಾತು ಕೊಡಬೇಡ ಎಂದು ಎಚ್ಚರಿಸಿದಳು. ಹೊರಟಾಗ ಆಶೀರ್ವದಿಸಿ ಕಳುಹಿಸಿದಳು.

ಮ್ಯಾಟ್ ನೇರವಾಗಿ ಹೋದದ್ದು ಕ್ಲಾನ್‌ಲಿಫ್‌ನಲ್ಲಿದ್ದ ಪವಿತ್ರ ಶಿಲುಬೆಯ ಗುರುಮಠಕ್ಕೆ. ಅಲ್ಲಿಯ ಯಾಜಕರೊಬ್ಬರ ಬಳಿ ಪಾಪನಿವೇದನೆ ಮಾಡಿ, ಮದ್ಯ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಸ್ವೀಕರಿಸಿದ. ಜೀವನಪೂರ್ತಿಗೆ ಅಲ್ಲ, ಮೂರೇ ಮೂರು ತಿಂಗಳಿಗೆ. ಮರುದಿನ ಭಾನುವಾರ ಬೆಳಿಗ್ಗೆ ಐದು ಗಂಟೆಗೆ ಗಾರ್ಡಿನರ್ ರಸ್ತೆಯ ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇವಾಲಯದ ಬಲಿಪೂಜೆಯಲ್ಲಿ, ಅನೇಕ ವರ್ಷಗಳ ಬಳಿಕ ಪರಮಪ್ರಸಾದ ಸ್ವೀಕರಿಸಿದ.

ಮೂರು ತಿಂಗಳ ನರಳಾಟ

ಕುಡಿತ ಬಿಟ್ಟವರಿಗೆ ಮಾತ್ರ ಗೊತ್ತು ಆ ಮೊದಲ ದಿನಗಳ ಸಂಕಟ. ಮೈ ನಡುಗುತ್ತದೆ, ನಿದ್ರೆ ಬರುವುದಿಲ್ಲ, ಮನಸ್ಸು ನೂರು ಕಾರಣ ಹುಡುಕುತ್ತದೆ. ಮದ್ಯವ್ಯಸನ ಒಂದು ಕಾಯಿಲೆ, ಬಹಳ ಕುಡಿಯುವವರು ಹಠಾತ್ತನೆ ಬಿಡುವಾಗ ವೈದ್ಯರ ನೆರವು ಬೇಕು ಎಂಬುದು ಇಂದು ಎಲ್ಲರಿಗೂ ತಿಳಿದ ವಿಷಯ. ಮ್ಯಾಟ್‌ಗೆ ಅಂದು ಆಸ್ಪತ್ರೆಯೂ ಇರಲಿಲ್ಲ, ಸಲಹೆಗಾರರೂ ಇರಲಿಲ್ಲ. ಅಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘಟನೆ ಅಮೆರಿಕದಲ್ಲಿ ಹುಟ್ಟಿದ್ದೇ 1935ರಲ್ಲಿ, ಮ್ಯಾಟ್ ತೀರಿಕೊಂಡು ಹತ್ತು ವರ್ಷಗಳಾದ ಮೇಲೆ. ಆದರೆ ತಾನು ಸ್ವಂತ ಬಲದಿಂದ ಗೆಲ್ಲಲಾರೆ ಎಂಬ ಸತ್ಯ ಮ್ಯಾಟ್‌ಗೆ ಹೊಳೆದಿತ್ತು.

ಆದ್ದರಿಂದ ದಿನದ ಕ್ರಮವನ್ನೇ ಬದಲಿಸಿಕೊಂಡ. ಬೆಳಿಗ್ಗೆ ಕೆಲಸಕ್ಕೆ ಮೊದಲು ಐದು ಗಂಟೆಯ ಬಲಿಪೂಜೆ. ಸಂಜೆ ಕೆಲಸ ಬಿಟ್ಟ ಸಮಯವೇ ಅಪಾಯದ ಸಮಯ. ಗೆಳೆಯರು ಮದ್ಯದಂಗಡಿಯತ್ತ ಹೊರಟಾಗ ಮ್ಯಾಟ್ ದೇವಾಲಯವೊಂದರತ್ತ ನಡೆದು, ಮಲಗುವ ಹೊತ್ತಿನವರೆಗೂ ಪರಮಪ್ರಸಾದದ ಮುಂದೆ ಕುಳಿತಿರುತ್ತಿದ್ದ. ಒಂದು ಸಂಜೆ ಕಾಲು ತಡೆಯದೆ ಮದ್ಯದಂಗಡಿಯೊಂದನ್ನು ಹೊಕ್ಕೇಬಿಟ್ಟ. ಅಂದು ಗಿರಾಕಿಗಳ ಗದ್ದಲದಲ್ಲಿ ಅಂಗಡಿಯವನು ಈತನ ಕಡೆ ನೋಡಲೇ ಇಲ್ಲ. ಕಾದು ನಿಂತ ಮ್ಯಾಟ್ ತಟ್ಟನೆ ಹೊರಬಂದು ದೇವಾಲಯಕ್ಕೆ ಓಡಿದ. ಜೇಬಿನಲ್ಲಿ ಹಣವಿದ್ದರೆ ಕಾಲು ಅತ್ತ ಎಳೆಯುತ್ತದೆ ಎಂದು ಅಂದೇ ತಿಳಿದುಕೊಂಡು, ಹಣ ಇಟ್ಟುಕೊಂಡು ಹೊರಗೆ ತಿರುಗಾಡುವುದನ್ನೇ ನಿಲ್ಲಿಸಿದ.

ಮೂರು ತಿಂಗಳು ಮುಗಿಯುವುದೇ ಇಲ್ಲವೇನೋ ಎಂದು ಕಂಡಿತ್ತು. ಮುಗಿದಾಗ ಪ್ರತಿಜ್ಞೆಯನ್ನು ಆರು ತಿಂಗಳಿಗೆ ನವೀಕರಿಸಿದ. ಅದೂ ಮುಗಿದ ಮೇಲೆ ಜೀವನಪರ್ಯಂತ ಪ್ರತಿಜ್ಞೆ ಮಾಡಿದ. ಇಂದು ಮದ್ಯ ಬಿಡಲು ಹೆಣಗುವವರಿಗೆ ಇದರಲ್ಲಿ ದೊಡ್ಡ ಸಮಾಧಾನವಿದೆ. ಬದುಕಿಡೀ ಹೇಗೆ ಬಿಡಲಿ ಎಂದು ಹೆದರಬೇಕಾಗಿಲ್ಲ. ಮ್ಯಾಟ್ ಟಾಲ್ಬೊಟ್ ಕೂಡ ಆರಂಭದಲ್ಲಿ ಅಷ್ಟು ದೂರ ನೋಡಿರಲಿಲ್ಲ.

ಹಳೆಯ ಸಾಲ, ಹಳೆಯ ಪಾಪ

ಕುಡಿತ ಬಿಟ್ಟರೆ ಎಲ್ಲವೂ ಮುಗಿಯಿತು ಎಂದು ಮ್ಯಾಟ್ ಅವರು ಎಣಿಸಲಿಲ್ಲ. ಯಾವ ಯಾವ ಮದ್ಯದಂಗಡಿಯಲ್ಲಿ ಸಾಲ ಉಳಿಸಿದ್ದರೋ ಅಲ್ಲೆಲ್ಲ ಹೋಗಿ ತೀರಿಸಿದರು. ಪಿಟೀಲು ಕಳೆದುಕೊಂಡ ಆ ಬಡವನನ್ನು ಹುಡುಕಿಕೊಂಡು ಡಬ್ಲಿನ್‌ನ ಬೀದಿಗಳನ್ನು, ಬಡವರ ಆಶ್ರಯತಾಣಗಳನ್ನು ಸುತ್ತಿದರು. ಆತ ಸಿಗಲೇ ಇಲ್ಲ. ಕೊನೆಗೆ ಆ ಪಿಟೀಲಿನ ಹಣವನ್ನು ಆತನ ಆತ್ಮಕ್ಕಾಗಿ ಬಲಿಪೂಜೆಗಳನ್ನು ಅರ್ಪಿಸಲು ಕೊಟ್ಟರು. ಪಶ್ಚಾತ್ತಾಪವೆಂದರೆ ಕಣ್ಣೀರು ಮಾತ್ರವಲ್ಲ, ಕೆಡಿಸಿದ್ದನ್ನು ಸರಿಪಡಿಸಲು ಹೊರಡುವುದು ಎಂಬುದಕ್ಕೆ ಇದೇ ಸಾಕ್ಷಿ.

ಮದ್ಯದ ಜೊತೆಗಿದ್ದ ಹೊಗೆಸೊಪ್ಪಿನ ಚಟವನ್ನೂ ಬಿಟ್ಟರು. ಅದು ಮದ್ಯ ಬಿಡುವುದಕ್ಕಿಂತಲೂ ಕಷ್ಟವಾಯಿತೆಂದು ಮುಂದೆ ನೆನೆಯುತ್ತಿದ್ದರಂತೆ. ಅಷ್ಟಿಷ್ಟು ಅಕ್ಷರ ಬಲ್ಲ ಆ ಕೂಲಿಕಾರ, ಪವಿತ್ರಾತ್ಮರ ಬೆಳಕನ್ನು ಬೇಡಿಕೊಂಡು, ಪದಪದಕ್ಕೂ ತಡವರಿಸುತ್ತಾ ಪವಿತ್ರ ಗ್ರಂಥವನ್ನೂ ಸಂತ ಅಗಸ್ಟಿನ್, ಆವಿಲಾದ ಸಂತ ತೆರೇಸಾ ಅಂಥವರ ಗ್ರಂಥಗಳನ್ನೂ ಓದತೊಡಗಿದರು. 1890ರಲ್ಲಿ ಸಂತ ಫ್ರಾನ್ಸಿಸರ ತೃತೀಯ ಸಭೆಯನ್ನು ಸೇರಿದರು.

ಹಾಗಾದರೆ ಮಿತವಾಗಿ ಕುಡಿಯುವುದು ಪಾಪವೇ?

ಇಲ್ಲಿ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಮ್ಯಾಟ್ ಟಾಲ್ಬೊಟ್ ಅವರು ಒಂದು ತೊಟ್ಟನ್ನೂ ಮುಟ್ಟಲಿಲ್ಲ. ಹಾಗೆಂದು ಮದ್ಯವೇ ಪಾಪದ ವಸ್ತು ಎಂದು ಕಥೋಲಿಕ ಧರ್ಮಸಭೆ ಎಂದೂ ಬೋಧಿಸಿಲ್ಲ. ಪ್ರತಿದಿನ ಬಲಿಪೂಜೆಯಲ್ಲಿ ಪ್ರಭುವಿನ ರಕ್ತವಾಗುವುದು ದ್ರಾಕ್ಷಾರಸವೇ. ಮನುಷ್ಯನ ಹೃದಯವನ್ನು ಹರ್ಷಗೊಳಿಸುವ ದೇವರ ಕೊಡುಗೆ ಎಂದು ಕೀರ್ತನೆಗಳಲ್ಲಿ ಅದನ್ನು ಹೊಗಳಲಾಗಿದೆ. ಶಿಷ್ಯ ತಿಮೊಥೇಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳುವಂತೆ ಸಂತ ಪೌಲರು ಸೂಚಿಸಿದ್ದಾರೆ. ಅದೇ ಸಂತ ಪೌಲರು ಕುಡಿದು ಮತ್ತರಾಗುವುದನ್ನು ಎಫೆಸದವರಿಗೆ ಬರೆದ ಪತ್ರದಲ್ಲಿ ಖಡಾಖಂಡಿತವಾಗಿ ನಿಷೇಧಿಸಿದ್ದಾರೆ. ಇಷ್ಟೇ ಅಲ್ಲ, ಸೋದರನು ಎಡವಲು ಕಾರಣವಾಗುವುದಾದರೆ ದ್ರಾಕ್ಷಾರಸವನ್ನು ಬಿಟ್ಟುಬಿಡುವುದೇ ಒಳ್ಳೆಯದು ಎಂದು ರೋಮನರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾರೆ. ಸ್ನಾನಿಕ ಯೊವಾನ್ನರು ಮದ್ಯ ಮುಟ್ಟಲಿಲ್ಲ. ಯೇಸುಸ್ವಾಮಿ ಊಟದ ಪಂಕ್ತಿಯಲ್ಲಿ ಕುಳಿತು ದ್ರಾಕ್ಷಾರಸ ಕುಡಿದರು. ಶುಭಸಂದೇಶದಲ್ಲಿ ಎರಡು ದಾರಿಗಳಿಗೂ ಜಾಗವಿದೆ.

ಹದಿಮೂರನೆಯ ಶತಮಾನದ ಮಹಾಜ್ಞಾನಿ ಸಂತ ಥೋಮಸ್ ಅಕ್ವಿನಾಸರು ಇದನ್ನು ಬಿಡಿಸಿ ಹೇಳಿದ್ದಾರೆ. ದ್ರಾಕ್ಷಾರಸ ಕುಡಿಯುವುದು ತನ್ನಷ್ಟಕ್ಕೆ ಅಧರ್ಮವಲ್ಲ. ಆದರೆ ನಾಲ್ಕು ಸಂದರ್ಭಗಳಲ್ಲಿ ಅದು ಅಧರ್ಮವಾಗುತ್ತದೆ: ಕುಡಿಯುವವನಿಗೆ ಅದರಿಂದ ಸುಲಭವಾಗಿ ಕೇಡಾಗುವಂತಿದ್ದರೆ, ಕುಡಿಯುವುದಿಲ್ಲವೆಂದು ಆತ ಹರಕೆ ಹೊತ್ತಿದ್ದರೆ, ಅಳತೆ ಮೀರಿದರೆ, ಇತರರು ಅದರಿಂದ ಎಡವುವಂತಾದರೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶವೂ ಮಿತವ್ರತವನ್ನು ಬೋಧಿಸುತ್ತದೆ. ಆಹಾರ, ಮದ್ಯ, ತಂಬಾಕು, ಔಷಧಿ ಯಾವುದರಲ್ಲೂ ಅತಿ ಕೂಡದು ಎನ್ನುತ್ತದೆ. ಕುಡಿದು ವಾಹನ ಓಡಿಸಿ ಇತರರ ಜೀವಕ್ಕೆ ಅಪಾಯ ತರುವುದನ್ನು ಗಂಭೀರ ಅಪರಾಧವೆಂದು ಎಣಿಸುತ್ತದೆ.

ಈ ನಾಲ್ಕು ಸಂದರ್ಭಗಳನ್ನು ಮ್ಯಾಟ್ ಅವರ ಬದುಕಿಗೆ ಹಿಡಿದು ನೋಡಿ. ಅವರ ಮಟ್ಟಿಗೆ ಒಂದು ಲೋಟವೆಂದರೆ ಒಂದು ಲೋಟವಾಗಿ ಉಳಿಯುತ್ತಿರಲಿಲ್ಲ. ಇನ್ನೊಬ್ಬನಿಗೆ ಮಿತವಾದದ್ದು ಅವರಿಗೆ ಬಾವಿಯ ಅಂಚು. ಮಿತವ್ರತವೆಂಬ ಸದ್ಗುಣ ಎಲ್ಲರಿಗೂ ಒಂದೇ, ಆದರೆ ಅದರ ಅಳತೆ ಎಲ್ಲರಿಗೂ ಒಂದೇ ಅಲ್ಲ. ಒಬ್ಬನಿಗೆ ಹಬ್ಬದೂಟದ ಜೊತೆ ಒಂದು ಲೋಟ ಮಿತವಾದರೆ, ಇನ್ನೊಬ್ಬನಿಗೆ ಸೊನ್ನೆಯೇ ಮಿತ. ಮ್ಯಾಟ್ ತಮ್ಮ ಅಳತೆಯನ್ನು ಪ್ರಾಮಾಣಿಕವಾಗಿ ಕಂಡುಕೊಂಡರು. ಎಡವುವುದು ಅಲ್ಲ, ನಾನು ಎಡವುವವನಲ್ಲ ಎಂದು ತನಗೆ ತಾನೇ ಸುಳ್ಳು ಹೇಳಿಕೊಳ್ಳುವುದು ಹೆಚ್ಚು ಅಪಾಯಕರ.

ಧರ್ಮಸಭೆ ಈ ವಿಷಯದಲ್ಲಿ ಎಷ್ಟು ಮೃದುವಾಗಿದೆ ಎಂದರೆ, ಮದ್ಯವ್ಯಸನದಿಂದ ಬಳಲುವ ಯಾಜಕರು ಧರ್ಮಾಧ್ಯಕ್ಷರ ಅನುಮತಿ ಪಡೆದು, ಬಲಿಪೂಜೆಯಲ್ಲಿ ಸಾಮಾನ್ಯ ದ್ರಾಕ್ಷಾರಸದ ಬದಲು ಹುಳಿಯುವಿಕೆಯನ್ನು ತಡೆದಿರಿಸಿದ ದ್ರಾಕ್ಷಿಯ ರಸವನ್ನು ಬಳಸಬಹುದು. 2003ರಲ್ಲಿ ವ್ಯಾಟಿಕನ್ ಈ ಬಗ್ಗೆ ಸ್ಪಷ್ಟ ನಿರ್ದೇಶನ ನೀಡಿದೆ. ಬಲಿಪೀಠದ ಬಳಿಯಲ್ಲೇ ದುರ್ಬಲರಿಗೆ ಇಂಥ ರಿಯಾಯಿತಿ ಇರುವಾಗ, ನಮ್ಮ ಊಟದ ಮೇಜಿನಲ್ಲಿ ಇರಬೇಡವೇ?

ಇಂದಿನ ವೈದ್ಯವಿಜ್ಞಾನದ ಮಾತನ್ನೂ ಕೇಳಬೇಕು. ಆರೋಗ್ಯಕ್ಕೆ ಸಂಪೂರ್ಣ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿದೆ. ಆದ್ದರಿಂದ ಸ್ವಲ್ಪ ಕುಡಿದರೆ ಆರೋಗ್ಯಕ್ಕೆ ಒಳ್ಳೆಯದು ಎಂಬ ಹಳೆಯ ಸಮರ್ಥನೆಯನ್ನು ತಿಮೊಥೇಯನ ಹೆಸರಿನಲ್ಲಿ ಮುಂದುವರಿಸದಿರುವುದು ಒಳ್ಳೆಯದು.

ಮರದ ಡಿಪೋದ ಕೂಲಿಕಾರ

1890ರ ದಶಕದಿಂದ ಮ್ಯಾಟ್ ಅವರು ದುಡಿದದ್ದು ಬಂದರಿನ ಬಳಿಯ ಟಿ. ಆಂಡ್ ಸಿ. ಮಾರ್ಟಿನ್ ಎಂಬ ಮರದ ಡಿಪೋದಲ್ಲಿ. ಹಡಗಿನಿಂದ ಇಳಿದ ಹಲಗೆ, ತೊಲೆಗಳನ್ನು ಹೊತ್ತು ಪೇರಿಸುವುದು ಕೆಲಸ. ಬಿಡುವು ಸಿಕ್ಕಾಗ ಮರದ ರಾಶಿಗಳ ಮರೆಯಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರು. ಮನೆಯಲ್ಲಿ ಹಲಗೆಯೇ ಹಾಸಿಗೆ, ಮರದ ತುಂಡೇ ದಿಂಬು. ನಡುರಾತ್ರಿ ಎದ್ದು ಪ್ರಾರ್ಥನೆ, ಬೆಳಗಿನ ಜಾವ ಬಲಿಪೂಜೆ, ವರ್ಷದ ಹೆಚ್ಚು ದಿನ ಉಪವಾಸ. ಸಹೋದರಿಯರ ಮನೆಗೆ ಹೋದಾಗ ಮಾತ್ರ ಕೊಟ್ಟದ್ದನ್ನು ಉಂಡು ಬರುತ್ತಿದ್ದರು. ಜೊತೆಗೆ ದುಡಿದವರು ಅವರನ್ನು ನಗುಮುಖದ, ಸ್ನೇಹದ ಮನುಷ್ಯರೆಂದೇ ನೆನೆದಿದ್ದಾರೆ.

ತಂದೆ 1899ರಲ್ಲಿ ತೀರಿಕೊಂಡ ಮೇಲೆ ತಾಯಿಯನ್ನು ತಮ್ಮ ಜೊತೆಯಲ್ಲೇ ಇರಿಸಿಕೊಂಡು 1915ರಲ್ಲಿ ಆಕೆ ಕಣ್ಮುಚ್ಚುವವರೆಗೂ ನೋಡಿಕೊಂಡರು. ಒಂದು ಕಾಲದಲ್ಲಿ ಸಂಬಳವೆಲ್ಲ ಮದ್ಯದಂಗಡಿಗೆ ಸುರಿಯುತ್ತಿದ್ದ ಆ ಕೈಯೇ ಈಗ ತನ್ನ ಖರ್ಚಿಗೆ ಅತ್ಯಲ್ಪ ಇಟ್ಟುಕೊಂಡು ಉಳಿದುದನ್ನು ಬಡವರಿಗೆ, ಅನಾಥರಿಗೆ, ಚೀನಾ ದೇಶದ ಮಿಷನ್ ಕಾರ್ಯಕ್ಕೆ ಹಂಚುತ್ತಿತ್ತು. 1913ರಲ್ಲಿ ಡಬ್ಲಿನ್‌ನ ಮಾಲೀಕರು ಸಾವಿರಾರು ಕಾರ್ಮಿಕರನ್ನು ಕೆಲಸದಿಂದ ಹೊರಗಿಟ್ಟಾಗ, ಕಾರ್ಮಿಕ ಸಂಘದ ಸದಸ್ಯರಾಗಿದ್ದ ಮ್ಯಾಟ್ ಅವರು ಹೆಂಡತಿ ಮಕ್ಕಳಿದ್ದ ಜೊತೆಗಾರರಿಗೆ ತಮ್ಮ ಹಣ ಕೊಟ್ಟು ನೆರವಾದರು.

ಅವರು ಮೊದಲ ದಿನ ಪರಮಪ್ರಸಾದ ಸ್ವೀಕರಿಸಿದ ಗಾರ್ಡಿನರ್ ರಸ್ತೆಯ ಅದೇ ದೇವಾಲಯದಲ್ಲಿ ಯೇಸುಸಭೆಯ ಫಾದರ್ ಜೇಮ್ಸ್ ಕಲೆನ್ 1898ರಲ್ಲಿ ನಾಲ್ವರು ಮಹಿಳೆಯರನ್ನು ಸೇರಿಸಿಕೊಂಡು ಪಯೊನಿಯರ್ ಎಂಬ ಮದ್ಯತ್ಯಾಗಿಗಳ ಸಂಘವನ್ನು ಆರಂಭಿಸಿದರು. ಈ ಸಂಘದ ಆಲೋಚನೆ ಗಮನಾರ್ಹ. ಅದರ ಸದಸ್ಯರು ಮದ್ಯ ಬಿಡುವುದು ಮದ್ಯ ಕೆಟ್ಟದ್ದೆಂಬ ಕಾರಣಕ್ಕಲ್ಲ. ಒಳ್ಳೆಯದನ್ನೇ ಯೇಸುವಿನ ಪವಿತ್ರ ಹೃದಯಕ್ಕೆ ಕಾಣಿಕೆಯಾಗಿ ಅರ್ಪಿಸಿ, ಅತಿಯಾಗಿ ಕುಡಿಯುವವರ ಬಿಡುಗಡೆಗಾಗಿ ಪ್ರಾರ್ಥಿಸಲು. ಅಂದರೆ ಮಿತವಾಗಿ ಕುಡಿಯಬಲ್ಲವನು, ಮಿತವಾಗಿ ಕುಡಿಯಲಾರದವನಿಗಾಗಿ ಮಾಡುವ ತ್ಯಾಗ ಅದು.

ಗ್ರಾನ್‌ಬಿ ಲೇನಿನಲ್ಲಿ ಕೊನೆಯುಸಿರು

1923ರಿಂದ ಹೃದಯ ಮತ್ತು ಮೂತ್ರಪಿಂಡದ ತೊಂದರೆ ಅವರನ್ನು ಆಸ್ಪತ್ರೆಗೆ ಸೇರಿಸಿತು. ಚೇತರಿಸಿಕೊಂಡು 1925ರಲ್ಲಿ ಮತ್ತೆ ಕೆಲಸಕ್ಕೆ ಬಂದರು. ಆ ವರ್ಷದ ಜೂನ್ 7, ಪವಿತ್ರ ತ್ರಿತ್ವದ ಭಾನುವಾರ. ಬೆಳಗಿನ ಬಲಿಪೂಜೆ ಮುಗಿಸಿ ಬಂದಿದ್ದ ಮ್ಯಾಟ್ ಅವರು ಮತ್ತೊಂದು ಬಲಿಪೂಜೆಗಾಗಿ ದೊಮಿನಿಕನ್ ಸಭೆಯ ದೇವಾಲಯದ ಕಡೆ ನಡೆಯುತ್ತಿದ್ದರು. ಗ್ರಾನ್‌ಬಿ ಲೇನ್ ಎಂಬ ಓಣಿಯಲ್ಲಿ ಕುಸಿದು ಬಿದ್ದರು. ದೇವಾಲಯದಿಂದ ಓಡಿಬಂದ ಯಾಜಕರು ಪಕ್ಕದಲ್ಲಿ ಮೊಣಕಾಲೂರಿದರು. ಅಲ್ಲಿಯೇ ಪ್ರಾಣ ಹೋಯಿತು. ವಯಸ್ಸು 69.

ಈ ವೃದ್ಧ ಯಾರೆಂದು ಅಲ್ಲಿದ್ದವರಿಗೆ ತಿಳಿಯಲಿಲ್ಲ. ಜರ್ವಿಸ್ ರಸ್ತೆಯ ಆಸ್ಪತ್ರೆಯಲ್ಲಿ ಬಟ್ಟೆ ತೆಗೆದಾಗ ಸೊಂಟದಲ್ಲಿ, ಕೈಕಾಲುಗಳಲ್ಲಿ ಸರಪಳಿ, ಹಗ್ಗಗಳು ಕಂಡವು. ಮಾತೆ ಮರಿಯಮ್ಮನವರಿಗೆ ತನ್ನನ್ನು ದಾಸನಾಗಿ ಒಪ್ಪಿಸಿಕೊಂಡ ಗುರುತಾಗಿ, ಸಂತ ಲೂಯಿ ದ ಮೊಂಫೋರ್ ಅವರ ಬೋಧನೆಯಂತೆ, ಯಾರಿಗೂ ತಿಳಿಯದ ಹಾಗೆ ಧರಿಸಿದ್ದವು ಅವು. ಈ ಕಠಿಣ ತಪಸ್ಸು ಎಲ್ಲರಿಗೂ ಹೇಳಿದ್ದಲ್ಲ, ಮಾರ್ಗದರ್ಶನವಿಲ್ಲದೆ ಯಾರೂ ಅನುಕರಿಸಬಾರದು. ಆದರೆ ಹದಿನಾರು ವರ್ಷ ಮದ್ಯದ ಕಾಣದ ಸರಪಳಿಯಲ್ಲಿ ನರಳಿದ ಮನುಷ್ಯ, ತಾನೇ ಆರಿಸಿಕೊಂಡ ಸರಪಳಿಯಲ್ಲಿ ಸ್ವತಂತ್ರನಾಗಿ ಸತ್ತ ಎಂಬುದು ಡಬ್ಲಿನ್‌ನ ಜನರ ಮನಸ್ಸನ್ನು ತಟ್ಟಿತು.

ಜೂನ್ 11ರಂದು, ಪರಮಪ್ರಸಾದದ ಹಬ್ಬದ ದಿನ, ಗ್ಲಾಸ್ನೆವಿನ್ ಸ್ಮಶಾನದಲ್ಲಿ ಅವರ ದಫನವಾಯಿತು. ಮರುವರ್ಷವೇ ಸರ್ ಜೋಸೆಫ್ ಗ್ಲಿನ್ ಬರೆದ ಕಿರುಜೀವನಚರಿತ್ರೆ ಪ್ರಕಟವಾಗಿ, ಯಾರಿಗೂ ತಿಳಿಯದಿದ್ದ ಕೂಲಿಕಾರನ ಹೆಸರು ದೇಶದೇಶಗಳಿಗೆ ತಲುಪಿತು. 1931ರಲ್ಲಿ ಡಬ್ಲಿನ್‌ನ ಮಹಾಧರ್ಮಾಧ್ಯಕ್ಷರು ಸಂತ ಪದವಿಯ ವಿಚಾರಣೆ ಆರಂಭಿಸಿದರು. 1972ರಲ್ಲಿ ಅವರ ಪಾರ್ಥಿವ ಅವಶೇಷಗಳನ್ನು ಷಾನ್ ಮ್ಯಾಕ್‌ಡರ್ಮಟ್ ರಸ್ತೆಯ ಲೂರ್ದ್ ಮಾತೆಯ ದೇವಾಲಯಕ್ಕೆ ತರಲಾಯಿತು. 1975ರ ಅಕ್ಟೋಬರ್ 3ರಂದು ಜಗದ್ಗುರು ಆರನೆಯ ಪೌಲರು ಅವರನ್ನು ಪೂಜ್ಯರೆಂದು ಘೋಷಿಸಿದರು. ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನದಿಂದ ಹೊರಬರಲು ಹೋರಾಡುವವರು ಇಂದು ಲೋಕದ ಎಲ್ಲೆಡೆ ಅವರ ಬೇಡುವಿಕೆಯನ್ನು ಕೋರುತ್ತಾರೆ.

ನಮಗೇನು ಸಂದೇಶ?

ಪ್ರಿಯ ಓದುಗರೇ, ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ರೋಸ್, ಮದುವೆ, ಊರಹಬ್ಬ ಬಂದರೆ ಮದ್ಯ ಇರುವುದು ಹೊಸತೇನಲ್ಲ. ಮಿತಿಯಲ್ಲಿದ್ದು ಸಂತೋಷಪಡುವವರನ್ನು ಪಾಪಿಗಳೆಂದು ಕರೆಯಲು ಧರ್ಮಸಭೆ ನಮಗೆ ಅಧಿಕಾರ ಕೊಟ್ಟಿಲ್ಲ. ಆದರೆ ಆ ಪಂಕ್ತಿಯಲ್ಲಿ ಒಬ್ಬ ಮ್ಯಾಟ್ ಟಾಲ್ಬೊಟ್ ಕುಳಿತಿರಬಹುದು. ನಿನ್ನೆಯಷ್ಟೇ ಮದ್ಯವರ್ಜನ ಶಿಬಿರದಿಂದ ಮನೆಗೆ ಬಂದವನಿರಬಹುದು. ಬೇಡವೆಂದು ಲೋಟವನ್ನು ಬದಿಗೆ ಸರಿಸಿದವನಿಗೆ ಒಂದೇ ಪೆಗ್, ಏನಾಗುವುದಿಲ್ಲ ಎಂದು ಒತ್ತಾಯಿಸುವವನು ತಾನು ಮಿತವಾಗಿಯೇ ಕುಡಿದಿದ್ದರೂ ಅಂದು ಮಿತಿ ಮೀರಿದವನೇ. ಬೇಡ ಎಂದವನಿಗೆ ಮರುಮಾತಿಲ್ಲದೆ ಒಂದು ಲೋಟ ಶರಬತ್ತು ಕೊಡುವುದು ಎಷ್ಟು ಸುಲಭದ ಕ್ರೈಸ್ತ ಪ್ರೀತಿ!

ಇನ್ನು ಕುಡಿಯುವವರು ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ, ಎಷ್ಟು ಕುಡಿದರೆ ಪಾಪವಾಗುವುದಿಲ್ಲ ಎಂಬುದಲ್ಲ. ಇದನ್ನು ಬಿಟ್ಟು ಮೂರು ತಿಂಗಳು ಇರಬಲ್ಲೆನೇ ಎಂಬುದು. ಇರಬಲ್ಲೆನಾದರೆ ದೇವರಿಗೆ ಕೃತಜ್ಞತೆ ಸಲ್ಲಿಸಲಿ, ತಪಸ್ಸು ಕಾಲದಲ್ಲಿ ಅದನ್ನೇ ಒಂದು ಕಾಣಿಕೆಯಾಗಿ ಅರ್ಪಿಸಲಿ. ಇರಲಾರೆನಾದರೆ ಮಿತ ಎಂಬ ಪದವನ್ನು ಬಳಸುವುದನ್ನು ಬಿಟ್ಟು, ಇಂದೇ ವೈದ್ಯರ ಬಳಿಗೂ ಧರ್ಮಗುರುಗಳ ಬಳಿಗೂ ಹೋಗಲಿ. ನಾಚಿಕೊಳ್ಳಬೇಕಾದದ್ದು ಏನೂ ಇಲ್ಲ. ಮೂರು ತಿಂಗಳಿಗಷ್ಟೇ ಮಾತು ಕೊಟ್ಟ ಒಬ್ಬ ಕೂಲಿಕಾರನನ್ನು ಹಿಡಿದು ನಡೆಸಿದ ದೇವರು ಅವರನ್ನೂ ಕೈಬಿಡಲಾರರು.

ಕುಡಿತದ ಮನೆಗಳಲ್ಲಿ ಜಪಸರ ಹಿಡಿದು ಕಾಯುತ್ತಿರುವ ಎಲ್ಲ ತಾಯಂದಿರಿಗಾಗಿ, ಮಡದಿಯರಿಗಾಗಿ, ಮಕ್ಕಳಿಗಾಗಿ ಪೂಜ್ಯ ಮ್ಯಾಟ್ ಟಾಲ್ಬೊಟ್ ಅವರು ದೇವರಲ್ಲಿ ಬೇಡಿಕೊಳ್ಳಲಿ.